ಮಲೆನಾಡಿನ ವೀಲ್‌ಗೆ ಡೈಮಂಡ್ ಕಟ್ ಬೇಡ

ನಮ್ಮ ಹಾಸ್ಟೆಲ್ ರೂಮಲ್ಲಿ ಎರಡು ವಾರದಿಂದ ಒಂದೇ ಚರ್ಚೆ. ಗೆಳೆಯನೊಬ್ಬನ ಅಣ್ಣ ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ಊರಿಗೆ ತಂದಿದ್ದಾರೆ. ಊರು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ. (ಕುವೆಂಪು ಹುಟ್ಟಿದ್ದು ಇಲ್ಲೇ, ಕುಪ್ಪಳಿಯಲ್ಲಲ್ಲ. ಕ್ವಿಜ್‌ಗೆ ಬೇಕಾದೀತು.) ಒಂದೇ ಒಂದು ಮಳೆಗಾಲ ಕಳೆದಿದೆ, ನಾಲ್ಕೂ ಅಲಾಯ್ ವೀಲ್‌ಗಳ ಮುಖದ ಮೇಲೆ ಬಿಳಿ ಹುಳು ಹರಿದ ಹಾಗೆ ಗೆರೆಗಳು. ಈಗ ವೀಲ್‌ಗಳನ್ನು ಹೊಸದು ಮಾಡಿಸಬೇಕು. ಅಣ್ಣನಿಗೆ ಮೊದಲಿದ್ದ ಡೈಮಂಡ್ ಕಟ್ಟೇ ಬೇಕು. ನಾವು ಹೇಳೋದು: ಬೇಡ, ಸಾದಾ ಪೌಡರ್ ಕೋಟಿಂಗ್ ಮಾಡಿಸಿ.

ಡೈಮಂಡ್ ಕಟ್ ಅಂದ್ರೆ ವೀಲ್‌ಗೆ ವಜ್ರ ಅಂಟಿಸೋದಲ್ಲ. ಬಣ್ಣ ಹೊಡೆದ ವೀಲನ್ನು ಲೇತ್‌ಗೆ ಹಾಕಿ, ವಜ್ರದ ತುದಿ ಇರೋ ಟೂಲ್‌ನಿಂದ ಮುಖವನ್ನು ತೆಳುವಾಗಿ ಹೆರೆಯುತ್ತಾರೆ. ಆಮೇಲೆ ಹೊಳೆಯೋದು ಬರೀ ಅಲ್ಯುಮಿನಿಯಂ. ಅದರ ಮೇಲೆ ಪಾರದರ್ಶಕ ಲ್ಯಾಕರ್, ಅಷ್ಟೇ. ಒಂದು ಜಲ್ಲಿಕಲ್ಲು ಸಿಡಿದು ಲ್ಯಾಕರ್ ಸ್ವಲ್ಪ ಎದ್ದರೆ ನೀರು ಒಳಗಿಳಿದು ಅಡಿಯಲ್ಲೇ ಹರಡುತ್ತೆ. ಹುಳು ಹರಿದ ಗೆರೆಗಳು ಅದೇ. ಬೆಂಗಳೂರಲ್ಲಿ ಮಳೆ ಬಂದ ಮಾರನೇ ದಿನ ಬಿಸಿಲು ಬಿದ್ದು ಎಲ್ಲ ಒಣಗುತ್ತೆ. ಕೊಪ್ಪ, ಶೃಂಗೇರಿ ಕಡೆ ಜೂನ್ ಶುರುವಾದರೆ ಹಾಕಿದ ಬಟ್ಟೆಯೇ ವಾರಗಟ್ಟಲೆ ಒಣಗಲ್ಲ. ಶೃಂಗೇರಿಗೆ ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ.

ಮಳೆ ಒಂದೇ ಆಗಿದ್ರೆ ಹೇಗೋ ಸಂಭಾಳಿಸಬಹುದಿತ್ತು. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಇದೆಯಲ್ಲ, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಅದು ಇನ್ನೊಂದು ಕಾಟ. ಹದ ಸರಿ ಇದೆಯಾ ಅಂತ ನೋಡೋಕೆ ತೋಟದವರು ಕಬ್ಬಿಣದ ಕತ್ತಿ ಅದ್ದುತ್ತಾರೆ. ಕತ್ತಿ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ನಾವು ಬಾಯಿಪಾಠ ಮಾಡಿದ ಎಲೆಕ್ಟ್ರೋಕೆಮಿಕಲ್ ಸೀರೀಸ್ ಇದೇ ತಾನೆ? ಆ ಸೀರೀಸ್‌ನಲ್ಲಿ ಅಲ್ಯುಮಿನಿಯಂ ಕಬ್ಬಿಣಕ್ಕಿಂತಲೂ ಚುರುಕು, ತಾಮ್ರ ಸೋಕಿದ ಕಡೆ ಗುಳಿ ಬೀಳುತ್ತೆ. ಸುಣ್ಣ ಜಾಸ್ತಿಯಾದ್ರೂ ಒಳ್ಳೇದಲ್ಲ, ಅಲ್ಯುಮಿನಿಯಂನ ಮೇಲಿರೋ ಆಕ್ಸೈಡ್ ಪದರವನ್ನು ಕ್ಷಾರ ತಿನ್ನುತ್ತೆ. ಕಾರು ನಿಲ್ಲೋದು ತೋಟದ ಅಂಚಲ್ಲಿ. ಪಿಕಪ್ ಸಿಗದ ದಿನ ಮೈಲುತುತ್ತದ ಚೀಲ ಬರೋದೂ ಅದೇ ಸ್ಪೋರ್ಟ್ಸ್ ಕಾರಿನ ಡಿಕ್ಕಿಯಲ್ಲಿ!

ಮತ್ತೆ ಡೈಮಂಡ್ ಕಟ್ ಮಾಡಿಸೋದು ಅಂದ್ರೆ ಮತ್ತೆ ಲೋಹ ಹೆರೆಯೋದು. ಎಷ್ಟು ಸಲ ಹೆರೆಯಬಹುದು? ಪ್ರತಿ ಮಳೆಗಾಲಕ್ಕೊಂದು ಸಲ ಅಂತೂ ಆಗಲ್ಲ. ಪೌಡರ್ ಕೋಟಿಂಗ್‌ನಲ್ಲಿ ಹಳೆ ಲೇಪನ ತೆಗೆದು, ಒಣಪುಡಿಗೆ ವಿದ್ಯುತ್ ಚಾರ್ಜ್ ಕೊಟ್ಟು ವೀಲ್ ಮೇಲೆ ಕೂರಿಸಿ, ಓವನ್‌ನಲ್ಲಿ ಸುಮಾರು 180ರಿಂದ 200 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಪುಡಿ ಕರಗಿ ವೀಲ್ ಪೂರ್ತಿ, ಮುಖವೂ ಸೇರಿ, ಗಟ್ಟಿ ಪದರ ಹಿಡಿಯುತ್ತೆ. ಕಲ್ಲಿನ ಏಟು ಇದು ಚೆನ್ನಾಗಿ ತಡೆಯುತ್ತೆ.

ಆದ್ರೆ ಇದರಲ್ಲೂ ಒಂದು ಅಪಾಯ ಇದೆ, ಬಣ್ಣಕ್ಕಿಂತ ಮುಖ್ಯವಾದದ್ದು. ಎರಕದ ವೀಲ್‌ಗೆ ಸಾಮಾನ್ಯವಾಗಿ ಬಳಸೋದು ಎ356 ಅನ್ನೋ ಮಿಶ್ರಲೋಹ: ಅಲ್ಯುಮಿನಿಯಂ, ಸುಮಾರು 7% ಸಿಲಿಕಾನ್, ಚೂರು ಮೆಗ್ನೀಸಿಯಂ. ಇದನ್ನು 540 ಡಿಗ್ರಿ ಹತ್ತಿರ ಕಾಯಿಸಿ, ನೀರಿಗೆ ಹಾಕಿ, ಮತ್ತೆ 150-170 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟು ಗಟ್ಟಿ ಮಾಡಿರ್ತಾರೆ. ಮೆಟೀರಿಯಲ್ ಸೈನ್ಸ್‌ನಲ್ಲಿ ಬರೋ ಟಿ6 ಇದೇ. ಓವನ್‌ನಲ್ಲಿ 15-20 ನಿಮಿಷ ಇದ್ದರೆ ತೊಂದರೆ ಇಲ್ಲ. ಆದ್ರೆ ಹಳೆ ಬಣ್ಣ ತೆಗೆಯೋಕೆ ವೀಲನ್ನೇ 400 ಡಿಗ್ರಿಯಲ್ಲಿ ಸುಡೋ ಅಂಗಡಿಗಳಿವೆ. ಬಣ್ಣವೂ ಹೋಗುತ್ತೆ, ಲೋಹದ ಬಲವೂ ಹೋಗುತ್ತೆ. ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ, ಘಾಟಿ ಇಳಿಯುವಾಗ ಗುಂಡಿಗೆ ಬಿದ್ದಾಗ ಗೊತ್ತಾಗುತ್ತೆ. ಹಾಗಾಗಿ ಅಂಗಡಿಯವರಿಗೆ ಮೊದಲ ಪ್ರಶ್ನೆ 'ರೇಟ್ ಎಷ್ಟು' ಅಂತಲ್ಲ, 'ಹಳೆ ಬಣ್ಣ ಹೇಗೆ ತೆಗೀತೀರಿ' ಅಂತ. ಕೆಮಿಕಲ್ ಅಂದ್ರೆ ಕೂತು ಮಾತಾಡಿ, ಸುಡ್ತೀವಿ ಅಂದ್ರೆ ವಾಪಸ್ ಬನ್ನಿ.

ಆನೋಡೈಸಿಂಗ್ ಬಗ್ಗೆಯೂ ಒಬ್ಬರು ಹೇಳಿದ್ರು. ಫೋರ್ಜ್ ಮಾಡಿದ ವೀಲ್‌ಗೆ ಚೆನ್ನಾಗಿ ಬರುತ್ತೆ. ಎರಕದ್ದರಲ್ಲಿ ಸಿಲಿಕಾನ್ ಜಾಸ್ತಿ, ಬೂದು ಬೂದಾಗಿ ಕಾಣುತ್ತೆ. ಕ್ರೋಮ್ ಮಾತಂತೂ ನಮ್ಮ ಹತ್ರ ಎತ್ತಲೇಬೇಡಿ.

ಅಣ್ಣನ ವಾದ ಫೋನಲ್ಲಿ ಹೀಗಿತ್ತು: "ಎಂಥ ಮಾರಾಯ್ರಾ, ಇಷ್ಟು ದುಡ್ಡು ಕೊಟ್ಟು ಸ್ಪೋರ್ಟ್ಸ್ ಕಾರು ತಗೊಂಡು ಜೀಪಿನ ವೀಲ್ ಹಾಕ್ಕೊಂಡು ತಿರುಗೋದಾ?" ಇದನ್ನು ತಳ್ಳಿಹಾಕೋಕೆ ಆಗಲ್ಲ. ಚೆಂದಕ್ಕೂ ಬೆಲೆ ಇದೆ, ಬರೀ ಲೆಕ್ಕಾಚಾರದಿಂದ ಯಾರೂ ಸ್ಪೋರ್ಟ್ಸ್ ಕಾರು ಕೊಳ್ಳಲ್ಲ. ಆದ್ರೆ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲಿ ರ‍್ಯಾಲಿ ಓಡೋ ಕಾರುಗಳ ವೀಲ್ ನೋಡಿ. ಸಾಮಾನ್ಯವಾಗಿ ಒಂದೇ ಬಣ್ಣ, ಎಷ್ಟೋ ಸಲ ಬರೀ ಬಿಳಿ. ಅವನ್ನು ಯಾರಾದ್ರೂ ಜೀಪಿನ ವೀಲ್ ಅಂತಾರಾ?

ಬಣ್ಣಕ್ಕೆ ನಮ್ಮ ಓಟು ಗನ್‌ಮೆಟಲ್, ಸ್ಯಾಟಿನ್ ಫಿನಿಷ್. ಗ್ಲಾಸ್ ಬ್ಲ್ಯಾಕ್ ಮೇಲೆ ಕೆಂಪು ಮಣ್ಣಿನ ಒಂದೊಂದು ಚುಕ್ಕೆಯೂ ಎದ್ದು ಕಾಣುತ್ತೆ. ಪೂರ್ತಿ ಮ್ಯಾಟ್ ಆದ್ರೆ ಮಣ್ಣು ಹಿಡಿದುಕೊಂಡು ತೊಳೆಯೋದು ಕಷ್ಟ. ಗನ್‌ಮೆಟಲ್‌ನಲ್ಲಿ ಬ್ರೇಕ್ ಧೂಳೂ ಅಷ್ಟಾಗಿ ಕಾಣಲ್ಲ.

ಕೋಟಿಂಗ್‌ಗೆ ಕೊಡುವಾಗ ವೀಲ್ ಹಬ್‌ಗೆ ಕೂರೋ ಜಾಗ, ನಟ್ ಕೂರೋ ಗುಳಿ ಎರಡಕ್ಕೂ ಪುಡಿ ತಾಗದ ಹಾಗೆ ಮುಚ್ಚೋಕೆ ಹೇಳಿ. ಅಲ್ಲಿ ದಪ್ಪ ಪದರ ಕೂತರೆ ಓಡುತ್ತಾ ಓಡುತ್ತಾ ಅದು ಅಮುಕಿ ನಟ್ ಸಡಿಲ ಆಗುತ್ತೆ. ವೀಲ್ ಹಾಕಿದ ಮೇಲೆ 100 ಕಿ.ಮೀ. ಓಡಿಸಿ, ಟಾರ್ಕ್ ರೆಂಚ್ ಹಿಡಿದು ಎಲ್ಲ ನಟ್‌ಗಳನ್ನೂ ಇನ್ನೊಮ್ಮೆ ನೋಡಿ.