ಟ್ರಿಗರ್ ಬಿಟ್ಟರೆ ಸಾಕೇ? ಹೆಲ್ತ್ ಫಾಸೆಟ್ ಕೊಳ್ಳುವ, ಕೂರಿಸುವ ಮುನ್ನ ತಿಳಿಯಬೇಕಾದದ್ದು

ಕಮೋಡಿನ ಪಕ್ಕ ನೇತಾಡುವ ಕೈ ಸ್ಪ್ರೇಯನ್ನು ನಾವು ಹೆಲ್ತ್ ಫಾಸೆಟ್ ಅಥವಾ ಜೆಟ್ ಸ್ಪ್ರೇ ಎನ್ನುತ್ತೇವೆ. ಇದರ ಬಗ್ಗೆ ಓಡಾಡುವ ಮಾತುಗಳು ಹಲವು: ಇದರಿಂದ ಮೂಲವ್ಯಾಧಿ ಬರುತ್ತದೆ, ಪ್ರೆಷರ್ ಹೆಚ್ಚಿದಷ್ಟೂ ಶುದ್ಧಿ, ಸ್ಟೀಲ್ ಪೈಪ್ ಒಡೆಯುವುದೇ ಇಲ್ಲ. ಮೂರೂ ತಪ್ಪು. ಇವೆಲ್ಲಕ್ಕಿಂತ ದುಬಾರಿಯಾಗುವ ನಂಬಿಕೆ ಇನ್ನೊಂದಿದೆ: “ಟ್ರಿಗರ್ ಬಿಟ್ಟರೆ ನೀರು ನಿಂತಿತಲ್ಲ, ಅಷ್ಟು ಸಾಕು.”

ಪೈಪ್ ಏಕೆ ಒಡೆಯುತ್ತದೆ?

ಗೋಡೆಯಲ್ಲಿರುವ ಆಂಗಲ್ ಕಾಕ್ ತೆರೆದೇ ಇದ್ದರೆ ಬಳುಕುವ ಪೈಪೂ ಪ್ಲಾಸ್ಟಿಕ್ ಹಿಡಿಯೂ ದಿನದ 24 ಗಂಟೆ ನೀರಿನ ಒತ್ತಡ ಹೊತ್ತಿರುತ್ತವೆ. ಟ್ಯಾಂಕ್ 10 ಮೀಟರ್ ಮೇಲಿದ್ದರೆ ಒತ್ತಡ ಸುಮಾರು 1 ಬಾರ್. ಎತ್ತರದ ಅಪಾರ್ಟ್‌ಮೆಂಟಿನ ಕೆಳಮಹಡಿಗಳಲ್ಲಿ, ಪ್ರೆಷರ್ ಪಂಪ್ ಇರುವ ಮನೆಗಳಲ್ಲಿ ಅದು ಇನ್ನೂ ಹೆಚ್ಚಿರಬಹುದು. ಟ್ರಿಗರನ್ನು ಫಟ್ಟನೆ ಬಿಟ್ಟಾಗ ಹರಿಯುವ ನೀರು ಒಮ್ಮೆಗೇ ನಿಂತು ಒತ್ತಡ ಕ್ಷಣಕಾಲ ಮತ್ತಷ್ಟು ಏರುತ್ತದೆ. ಹೊರಗೆ ಕಾಣುವ ಸ್ಟೀಲ್ ಬರೀ ಹೊದಿಕೆ. ನೀರು ಹಿಡಿದಿಡುವುದು ಒಳಗಿನ ರಬ್ಬರ್ ಅಥವಾ ಪ್ಲಾಸ್ಟಿಕ್ ಕೊಳವೆ. ಅದು ಹಳತಾದಂತೆ ಬಿರುಸಾಗಿ ಸೀಳುತ್ತದೆ.

ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಒಡೆದರೆ? ಟ್ಯಾಂಕ್ ಖಾಲಿಯಾದಂತೆಲ್ಲ ಆಟೋಮ್ಯಾಟಿಕ್ ಮೋಟಾರ್ ಮತ್ತೆ ತುಂಬಿಸುತ್ತದೆ, ಮನೆಯೊಳಗೆ ನೀರು ಹರಿಯುತ್ತಲೇ ಇರುತ್ತದೆ.

ಕಾಣದ ಅಪಾಯ

ಸ್ಪ್ರೇ ತಲೆಯನ್ನು ಬಕೆಟ್ಟಿನಲ್ಲೋ ಕಮೋಡಿನಲ್ಲೋ ಮುಳುಗುವಂತೆ ಬಿಟ್ಟಿದ್ದೀರಿ, ಟ್ರಿಗರ್ ಸವೆದು ಸೋರುತ್ತಿದೆ ಎಂದುಕೊಳ್ಳಿ. ಆಗಲೇ ಟ್ಯಾಂಕ್ ಖಾಲಿಯಾಗಿ, ಕೆಳಮನೆಯವರು ನಲ್ಲಿ ತಿರುಗಿಸಿದರೆ ಪೈಪು ನೀರನ್ನು ಹಿಂದಕ್ಕೆ ಎಳೆದುಕೊಳ್ಳಬಹುದು. ಆ ಕೊಳಕು ನೀರು ಅದೇ ಲೈನಿನ ಬೇರೆ ನಲ್ಲಿಗಳಿಗೂ ಹೋಗಬಹುದು. ಬ್ರಿಟನ್ನಿನ 1999ರ ನೀರಿನ ನಿಯಮಗಳು ನೀರನ್ನು ಅಪಾಯಕ್ಕೆ ತಕ್ಕಂತೆ 5 ವರ್ಗ ಮಾಡಿವೆ. ಕಮೋಡಿನ ನೀರು ಅತ್ಯಂತ ಅಪಾಯದ 5ನೇ ವರ್ಗದಲ್ಲಿದೆ. ಅದಕ್ಕೇ ಅಲ್ಲಿ ಇಂಥ ಸ್ಪ್ರೇಗಳಿಗೆ ಬಿಗಿ ನಿಯಮವಿದೆ.

ಕೊಳ್ಳುವಾಗ

ಪೈಪಿನ ಎರಡೂ ತುದಿಯ ನಟ್ಟು ಹಿತ್ತಾಳೆಯದಾಗಿರಲಿ. ಸಾಮಾನ್ಯವಾಗಿ 1 ಮೀಟರ್ ಉದ್ದ ಸಾಕು. ಉದ್ದವಾದಷ್ಟೂ ಕಮೋಡಿನೊಳಗೆ ಇಳಿಯುವ ಸಾಧ್ಯತೆ ಹೆಚ್ಚು. ಹಿಡಿ ಪ್ಲಾಸ್ಟಿಕ್ಕಿನದಾದರೂ ತೊಂದರೆಯಿಲ್ಲ. ದುಡ್ಡು ಉಳಿಸಬಾರದ ಜಾಗ ಆಂಗಲ್ ಕಾಕ್. ಕಾಲು ಸುತ್ತಿಗೇ ನಿಲ್ಲುವಂಥದ್ದು ಇದ್ದರೆ ಮಕ್ಕಳೂ ಹಿರಿಯರೂ ಮರೆಯದೆ ಮುಚ್ಚುತ್ತಾರೆ.

ಕೂರಿಸುವಾಗ

• ಮೊದಲು ಮೇಲಿನ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ನೀರು ಹರಿಸಿಬಿಡಿ.
• ಗೋಡೆಯೊಳಗೆ ಹೋಗುವ ಆಂಗಲ್ ಕಾಕ್ ಮರೆಗೆ ಟೆಫ್ಲಾನ್ ಟೇಪನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಿ.
• ಪೈಪಿನ ತುದಿಗೆ ಟೇಪ್ ಬೇಡ. ಅಲ್ಲಿ ಸೋರಿಕೆ ತಡೆಯುವುದು ರಬ್ಬರ್ ವಾಷರ್. ಅದು ಸರಿಯಾಗಿ ಕೂತಿದೆಯೇ ನೋಡಿ.
• ಕೈಯಲ್ಲಿ ಬಿಗಿ ಮಾಡಿ, ಬೇಕಾದರಷ್ಟೇ ಸ್ಪ್ಯಾನರಿನಿಂದ ಸ್ವಲ್ಪ ತಿರುಗಿಸಿ. ಪ್ಲಾಸ್ಟಿಕ್ ನಟ್ಟಿಗೆ ಸ್ಪ್ಯಾನರ್ ಹಾಕಿದರೆ ಬಿರುಕು ಖಂಡಿತ.
• ಕೊಕ್ಕೆಯನ್ನು ಬಲಗೈಗೆ ಎಟಕುವಂತೆ, ಕಮೋಡಿನ ಅಂಚಿಗಿಂತ ಮೇಲೆ ಹಾಕಿ. ಗೋಡೆ ಕೊರೆಯುವ ಮುನ್ನ ಒಳಗೆ ನೀರಿನ ಪೈಪಾಗಲಿ ವೈರಾಗಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ.
• ಗೀಸರ್ ಲೈನಿಗೆ ಜೋಡಿಸಬೇಡಿ, ಸುಟ್ಟೀತು.
• ನೀರು ಬಿಟ್ಟ ಮೇಲೆ ಜಾಯಿಂಟುಗಳಿಗೆ ಒಣ ಪೇಪರ್ ಒತ್ತಿ ನೋಡಿ. ತೇವವಾದರೆ ಬಿಚ್ಚಿ ಮತ್ತೆ ಕೂರಿಸಿ.

ಇನ್ನು ಆರೋಗ್ಯದ ಮಾತು

ಮೂಲವ್ಯಾಧಿಗೆ ಸಾಮಾನ್ಯ ಕಾರಣ ಮಲಬದ್ಧತೆ ಮತ್ತು ತಿಣುಕುವುದು, ನೀರಲ್ಲ. ಆದರೆ ರಭಸದ ನೀರು ಸೂಕ್ಷ್ಮ ಚರ್ಮಕ್ಕೆ ಉರಿ ತರುತ್ತದೆ. ಆಂಗಲ್ ಕಾಕನ್ನು ಅರ್ಧ ಮಾತ್ರ ತೆರೆದರೆ ಹರಿವು ಮೆತ್ತಗಾಗುತ್ತದೆ. ಹೆಣ್ಣುಮಕ್ಕಳು ಮುಂದಿನಿಂದ ಹಿಂದಕ್ಕೇ ತೊಳೆಯಬೇಕು. ಸ್ಪ್ರೇ ಇದೆಯೆಂದು ಕೈಗೆ ಸೋಪು ಹಾಕುವುದನ್ನು ಬಿಡುವಂತಿಲ್ಲ. ಟ್ರಿಗರನ್ನು ಎಲ್ಲರೂ ಮುಟ್ಟುತ್ತಾರೆ, ಅದನ್ನೂ ಆಗಾಗ ತೊಳೆಯಿರಿ. ಮಲದಲ್ಲಿ ರಕ್ತ ಕಂಡರೆ ಡಾಕ್ಟರಿಗೆ ತೋರಿಸಿ.

ಬೋರ್‌ವೆಲ್ ನೀರಿನಿಂದ ತೂತುಗಳಲ್ಲಿ ಬಿಳಿ ಪೊರೆ ಕಟ್ಟಿದರೆ ತಲೆಯನ್ನು ಬಿಚ್ಚಿ ಸ್ವಲ್ಪ ಹೊತ್ತು ವಿನೆಗರಿನಲ್ಲಿ ನೆನೆಸಿ ಉಜ್ಜಿ. ಟಾಯ್ಲೆಟ್ ಆಸಿಡ್ ಬೇಡ, ಅದು ಲೋಹದ ಹೊಳಪು ತಿನ್ನುತ್ತದೆ.

ಕೊನೆಗೆ

ಟ್ರಿಗರ್ ಇರುವುದು ಬಳಸುವ ಹೊತ್ತಿಗಷ್ಟೇ. ನೀರು ನಿಲ್ಲಿಸಬೇಕಾದ್ದು ಆಂಗಲ್ ಕಾಕ್. ಬಳಸಿದ ಮೇಲೆ ಕಾಕ್ ಮುಚ್ಚಿ, ಟ್ರಿಗರ್ ಒಮ್ಮೆ ಒತ್ತಿ ಪೈಪಿನ ಒತ್ತಡ ಇಳಿಸಿ, ಕೊಕ್ಕೆಗೆ ಸಿಕ್ಕಿಸಿ. ಈ ಲೇಖನದಲ್ಲಿ ಒಂದೇ ಸಾಲು ಫಾರ್ವರ್ಡ್ ಮಾಡುವುದಾದರೆ ಇದನ್ನೇ ಮಾಡಿ. ಅದಕ್ಕೂ ಮೊದಲು ಎದ್ದುಹೋಗಿ ನಿಮ್ಮ ಮನೆಯ ಕಾಕ್ ಮುಚ್ಚಿದೆಯೇ ನೋಡಿ.