ಹಳೇ ಪಿಕಪ್‌ಗೆ ಕಾರಿನ ಮುಂಗಾಲು

ಅಮೆರಿಕದ ಗ್ಯಾರೇಜ್ ವಿಡಿಯೊ ನೋಡೋ ಚಟ ಇದ್ದರೆ ಇದನ್ನು ಕಂಡೇ ಇರ್ತೀರಿ. ದುಂಡು ಮೂತಿಯ ಹಳೇ ಶೆವರ್ಲೆ ಪಿಕಪ್‌ನ ಚಾಸಿಯನ್ನು ಮುಂದಿನಿಂದ ಕತ್ತರಿಸಿ, ಅಲ್ಲಿಗೆ ಕ್ಯಾಮರೊ ಕಾರಿನ ಸಬ್‌ಫ್ರೇಮ್ ವೆಲ್ಡ್ ಮಾಡ್ತಾರೆ. ಕಾಫಿ ಆರೋದರೊಳಗೆ ಗಾಡಿ ರೆಡಿ!

ಯಾಕೆ ಈ ಉಸಾಬರಿ? 1947ರಿಂದ 1955ರ ನಡುವಿನ ಆ ಪಿಕಪ್‌ಗಳಿಗೆ ಮುಂದೆಯೂ ಎತ್ತಿನಗಾಡಿಯ ಹಾಗೆ ಒಂದೇ ಅಡ್ಡ ಆಕ್ಸಲ್, ಅದಕ್ಕೆ ಕಮಾನು ಪಟ್ಟಿ. ಎಡಚಕ್ರ ಗುಂಡಿಗಿಳಿದರೆ ಬಲಚಕ್ರಕ್ಕೂ ಸುದ್ದಿ ಮುಟ್ಟುತ್ತೆ. ನಾಲ್ಕಕ್ಕೂ ಡ್ರಮ್ ಬ್ರೇಕ್. 1970–81ರ ಕ್ಯಾಮರೊದಲ್ಲಿ ಮುಂದಿನ ಒಂದೊಂದು ಚಕ್ರಕ್ಕೂ ಬೇರೆ ಬೇರೆ ಕಾಯಿಲ್ ಸ್ಪ್ರಿಂಗ್, ಜೊತೆಗೆ ಡಿಸ್ಕ್ ಬ್ರೇಕ್. ಸ್ಟೀರಿಂಗ್ ಬಾಕ್ಸ್, ಎಂಜಿನ್ ಕೂರೋ ಜಾಗ ಎಲ್ಲವೂ ಸಬ್‌ಫ್ರೇಮ್ ಮೇಲೇ. ಬೋಲ್ಟ್ ಬಿಚ್ಚಿದರೆ ಇಡೀ ಸೆಟ್ ಹೊರಗೆ.

ವಿಡಿಯೊದಲ್ಲಿ ಹಾರಿಸಿಬಿಡೋದು ಅಳತೆಯ ಭಾಗವನ್ನ. ಅರ್ಧ ಟನ್ನಿನ ಪಿಕಪ್‌ನಲ್ಲಿ ಮುಂದಿನ ಆಕ್ಸಲ್‌ನಿಂದ ಹಿಂದಿನದಕ್ಕೆ 116 ಇಂಚು. ಒಂದಿಂಚು ಆಚೀಚೆ ಆದರೂ ಚಕ್ರ ಮಡ್‌ಗಾರ್ಡ್ ಮಧ್ಯೆ ಕೂರಲ್ಲ, ದೂರದಿಂದಲೇ ಕಣ್ಣಿಗೆ ಹೊಡೆಯುತ್ತೆ. ಅದಕ್ಕೇ ಕತ್ತರಿಸೋ ಮೊದಲು ಚಾಸಿಯನ್ನು ಸಮಮಟ್ಟಕ್ಕೆ ನಿಲ್ಲಿಸಿ, ಗಾರೆಯವರ ತೂಗುಗುಂಡು ಇಳಿಬಿಟ್ಟು, ಆಕ್ಸಲ್‌ನ ಮಧ್ಯಬಿಂದುವನ್ನು ನೆಲದ ಮೇಲೇ ಗುರುತು ಹಾಕಬೇಕು. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು ತಾಳೆ ನೋಡಬೇಕು. ತಾಳೆಯಾಗದಿದ್ದರೆ ಗಾಡಿ ಜೀವನಪೂರ್ತಿ ಒಂದು ಕಡೆಗೆ ಎಳೆಯುತ್ತೆ.

ಆಮೇಲೆ ಜೋಡಣೆ. ಪಿಕಪ್‌ನ ಚಾಸಿ ಒಂದು ಬದಿ ತೆರೆದ ಸಿ ಆಕಾರದ್ದು, ಸಬ್‌ಫ್ರೇಮ್ ನಾಲ್ಕೂ ಬದಿ ಮುಚ್ಚಿದ ಡಬ್ಬಿಯಂಥದ್ದು. ಸಿ ಭಾಗವನ್ನು ಪ್ಲೇಟ್ ಹಾಕಿ ಮುಚ್ಚಿ, ಬೆಸುಗೆಯನ್ನು ನೇರ ಒಂದೇ ಗೆರೆಯಲ್ಲಿ ಬಿಡದೆ, ಮೇಲೆ ದಪ್ಪ ಪಟ್ಟಿ ಕೊಡಬೇಕು. ಬ್ರೇಕ್ ಒತ್ತಿದಾಗಲೆಲ್ಲ ಭಾರ ಬೀಳೋದು ಇಲ್ಲೇ. ಇದು ಬಿಟ್ಟರೆ ಸ್ಟೀರಿಂಗ್, ಬ್ರೇಕ್, ಎಂಜಿನ್ ಎಲ್ಲವೂ ಕ್ಯಾಬಿನ್‌ನಿಂದ ಬೇರೆ!

ನನ್ನ ಕೇಳಿದರೆ ಕತ್ತರಿಸೋದೇ ಬೇಡ. 1974–78ರ ಮಸ್ಟಾಂಗ್ 2 ಕಾರಿನ ವಿನ್ಯಾಸದ ಸಸ್ಪೆನ್ಷನ್ ಕಿಟ್‌ಗಳು ಸಿಗುತ್ತವೆ. ಮೂಲ ಚಾಸಿ ಹಾಗೇ ಉಳಿಯುತ್ತೆ.

ನಮ್ಮೂರಲ್ಲಿ ಹಳೇ ಜೀಪ್ ಇಟ್ಕೊಂಡು ಇಂಥ ಕನಸು ಕಾಣ್ತಿರೋರು ಮೊದಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

ಅಮೆರಿಕದಲ್ಲಿರೋ ಕಸಿನ್ ಇಂಥ ಪಿಕಪ್ ಕೊಳ್ಳೋಕೆ ಹೊರಟಿದ್ದರೆ, ಪೇಂಟ್ ಫೋಟೊ ಆಮೇಲೆ ಕಳಿಸಲಿ. ಮೊದಲು ಗಾಡಿ ಕೆಳಗೆ ನುಸುಳಿ, ಆ ಬೆಸುಗೆಯ ಫೋಟೊ ತೆಗೀಲಿ.