ಮೆಲುದನಿಗೆ ಬಾಗಿದ ಉಕ್ಕಿನ ಕೊರಳು

ಚಲಿಸುವುದೆಲ್ಲವೂ ಜೀವವಲ್ಲ. ಆದರೆ ಚಲನೆಯನ್ನು ಕಂಡೊಡನೆ ಅಲ್ಲಿ ಜೀವವಿದೆಯೆಂದು ಭಾವಿಸುವುದು ಮನುಷ್ಯನ ಮನಸ್ಸಿನ ಸಹಜ ಗುಣ. ಹಗ್ಗವೊಂದು ಗಾಳಿಗೆ ಅಲುಗಿದರೆ ಹಾವೆಂದು ಬೆದರುವವರುಂಟು; ಗೊಂಬೆ ಕಣ್ಣು ತೆರೆದರೆ ಅದಕ್ಕೆ ಉಣಿಸಹೋಗುವ ಮಕ್ಕಳುಂಟು. ಈ ಗುಣವನ್ನೇ ಒರೆಗೆ ಹಚ್ಚಿದ ಕಲಾಕೃತಿಯೊಂದು ಅರ್ಧ ಶತಮಾನದ ಹಿಂದೆ ನೆದರ್‌ಲೆಂಡ್ಸ್ ದೇಶದಲ್ಲಿ ಜನರ ಮುಂದೆ ನಿಂತಿತ್ತು. ಅದರ ಹೆಸರು ‘ಸೆನ್‌ಸ್ಟರ್’.

ಪೋಲೆಂಡಿನಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ನೆಲೆಸಿದ ಶಿಲ್ಪಿ ಎಡ್ವರ್ಡ್ ಇಹ್ನಾಟೋವಿಚ್ (1926-1988) ಇದರ ಕರ್ತೃ. ಫಿಲಿಪ್ಸ್ ಸಂಸ್ಥೆಗಾಗಿ ರಚಿತವಾದ ಈ ಕೃತಿ 1970ರಲ್ಲಿ ಐಂಡ್‌ಹೋವನ್ ನಗರದ ‘ಎವೊಲುವಾನ್’ ಪ್ರದರ್ಶನ ಭವನದಲ್ಲಿ ಸ್ಥಾಪಿತವಾಯಿತು. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ, ಸುಮಾರು ನಾಲ್ಕೂವರೆ ಮೀಟರು ಉದ್ದದ ಒಡಲು ಅದರದು. ಲಾಬ್‌ಸ್ಟರ್ ಎಂಬ ಕಡಲಜೀವಿಯ ಮುಂಗಾಲನ್ನು ಗಮನಿಸಿ ಅದರ ಕೀಲುಗಳನ್ನು ರೂಪಿಸಲಾಗಿತ್ತು. ತಲೆಯ ಭಾಗದಲ್ಲಿ ದನಿಯನ್ನು ಗ್ರಹಿಸಲು ನಾಲ್ಕು ಮೈಕ್ರೋಫೋನುಗಳು, ಚಲನೆಯನ್ನು ಗುರುತಿಸಲು ಎರಡು ರೇಡಾರುಗಳು ಇದ್ದವು. ಇವುಗಳಿಂದ ಬಂದ ಸುಳಿವನ್ನು ಕಂಪ್ಯೂಟರೊಂದು ಪರಿಶೀಲಿಸಿ ಅವಯವಗಳನ್ನು ನಡೆಸುತ್ತಿತ್ತು. ಯಾರಾದರೂ ಮೆಲ್ಲಗೆ ಮಾತನಾಡಿದರೆ ಆ ಉದ್ದನೆಯ ಕೊರಳು ಅತ್ತ ಬಾಗುತ್ತಿತ್ತು. ಗಟ್ಟಿಯಾಗಿ ಕೂಗಿದರೆ, ಥಟ್ಟನೆ ಕೈಬೀಸಿದರೆ ಹಿಂದೆ ಸರಿಯುತ್ತಿತ್ತು.

ನೋಡಿದವರಿಗೆ ಅದು ನಾಚುವ, ಬೆದರುವ, ಒಲಿಯುವ ಪ್ರಾಣಿಯಂತೆ ಕಂಡಿತು. ಆದರೆ ಅದನ್ನು ನಡೆಸುತ್ತಿದ್ದ ಸೂತ್ರಗಳು ಸರಳವಾದವು. ಭವನದ ಸದ್ದುಗದ್ದಲ ಮತ್ತು ಜನರ ವರ್ತನೆಗಳೇ ಸೇರಿ ಅದು ಇರುವುದಕ್ಕಿಂತ ಹೆಚ್ಚು ಜಾಣನಂತೆ ತೋರಿತೆಂಬುದನ್ನು ಶಿಲ್ಪಿಯೇ ಒಪ್ಪಿಕೊಂಡಿದ್ದರು. ಅಂದರೆ ಅಲ್ಲಿ ಕಂಡ ಜೀವದ ಬಹುಪಾಲು ನೋಡುಗರೇ ತುಂಬಿದ್ದು.

ಮತ್ತೊಬ್ಬರ ಅರಿವನ್ನೂ ಅವರ ನಡವಳಿಕೆಯಿಂದಲೇ ತಿಳಿಯುವುದಲ್ಲವೇ, ಹಾಗಾದರೆ ಯಂತ್ರಕ್ಕೂ ಜೀವಿಗೂ ಭೇದವೇನು ಎಂದು ಕೆಲವರು ವಾದಿಸಬಹುದು. ಸೆನ್‌ಸ್ಟರ್‌ನ ಚರಿತ್ರೆಯೇ ಇದಕ್ಕೆ ಉತ್ತರ. 1973ರಲ್ಲಿ ಅದನ್ನು ಬಿಚ್ಚಲಾಯಿತು. ಅದರ ಉಕ್ಕಿನ ಹಂದರ ದಶಕಗಳ ಕಾಲ ಬಯಲಿನಲ್ಲಿ ನಿಂತಿತ್ತು. 2017ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದ ಎಜಿಎಚ್ ವಿಶ್ವವಿದ್ಯಾಲಯ ಅದನ್ನು ಕೊಂಡು, ಹೊಸ ಕಂಪ್ಯೂಟರನ್ನು ಜೋಡಿಸಿ, ಮರುವರ್ಷ ಮತ್ತೆ ಚಲಿಸುವಂತೆ ಮಾಡಿತು. ಮಳೆಬಿಸಿಲಿನಲ್ಲಿ ನಿಂತಷ್ಟು ಕಾಲ ಅದಕ್ಕೆ ಹಸಿವಾಗಲಿಲ್ಲ, ನೋವಾಗಲಿಲ್ಲ. ಗದರಿದ ಮಾತಿಗೆ ಮಗುವೂ ಹಿಂದೆ ಸರಿಯುತ್ತದೆ, ಆ ಯಂತ್ರವೂ ಸರಿಯಿತು. ಮಗುವಿನ ಒಳಗೆ ಗಾಯವಾಗುತ್ತದೆ. ಯಂತ್ರಕ್ಕೆ ಗಾಯವಾಗುವ ಒಳಗೆಂಬುದೇ ಇಲ್ಲ. ಕ್ರಿಯೆಯನ್ನು ಅನುಕರಿಸಬಹುದು, ಅರಿವನ್ನು ಅನುಕರಿಸಲಾಗದು.

ಹಾಗೆಂದು ಈ ಕಲೆಯನ್ನು ಜರೆಯುವುದು ಸಲ್ಲದು. ಸೆನ್‌ಸ್ಟರ್ ಚರ್ಮವನ್ನು ಹೊದೆಯಲಿಲ್ಲ; ಕೊಳವೆ, ಕೀಲುಗಳನ್ನು ಬಯಲಾಗಿಯೇ ತೋರಿತು. ತಾನು ಯಂತ್ರವೆಂಬುದನ್ನು ಅದು ಮರೆಮಾಚಲಿಲ್ಲ. ಆ ಪ್ರಾಮಾಣಿಕತೆ ದೊಡ್ಡದು.

ಇಂದಿನ ಯಂತ್ರಗಳೆಲ್ಲವೂ ಹಾಗಿಲ್ಲ. ಜಪಾನಿನಲ್ಲಿ ರೂಪುಗೊಂಡು 2005ರಲ್ಲಿ ಮಾರಾಟಕ್ಕೆ ಬಂದ ‘ಪ್ಯಾರೊ’ ಎಂಬ ಯಂತ್ರ ಸೀಲ್ ಮರಿಯ ರೂಪದ್ದು. ಮೈತುಂಬ ಬಿಳಿಯ ತುಪ್ಪುಳ. ನೇವರಿಸಿದರೆ ಮಿಸುಕುತ್ತದೆ, ಮರಿಯಂತೆ ದನಿಗೈಯುತ್ತದೆ. ಮರೆವಿನ ರೋಗಕ್ಕೆ ಒಳಗಾದ ವೃದ್ಧರ ಆರೈಕೆಯಲ್ಲಿ ಅದನ್ನು ಬಳಸುತ್ತಾರೆ. ಬಳಲಿದ ಜೀವಕ್ಕೆ ಅದರಿಂದ ಗಳಿಗೆಯ ನೆಮ್ಮದಿ ದೊರೆತರೆ ಬೇಡವೆನ್ನುವುದು ಕಾಠಿಣ್ಯವಾದೀತು. ಆದರೆ ಆ ಮರಿಯನ್ನು ತಾಯಿಯ ತೊಡೆಯ ಮೇಲಿಟ್ಟು, ತನ್ನ ಕರ್ತವ್ಯ ಮುಗಿಯಿತೆಂದು ಮಗ ಮನೆಗೆ ಮರಳಿದರೆ ತಪ್ಪು ಯಂತ್ರದ್ದಲ್ಲ. ಆಕೆ ನೇವರಿಸುವುದು ಮಗನನ್ನು ನೆನೆದಿರಬಹುದು. ಯಂತ್ರ ಅದನ್ನು ಬಲ್ಲದೇ?

ಸೆನ್‌ಸ್ಟರ್ ಹತ್ತಿರ ಬರಬೇಕಾದರೆ ಬಂದವರು ದನಿಯನ್ನು ತಗ್ಗಿಸಬೇಕಾಗಿತ್ತು. ಉಕ್ಕಿನ ಕೊರಳನ್ನು ಬಾಗಿಸಲು ಇಷ್ಟು ಸಂಯಮವನ್ನು ತಾಳಬಲ್ಲ ಮನುಷ್ಯ ತನ್ನ ಮನೆಯ ಹಿರಿಯರೊಡನೆ, ಮಕ್ಕಳೊಡನೆ, ಆಳುಕಾಳುಗಳೊಡನೆ ಅದೇ ಮೆಲುನುಡಿಯನ್ನಾಡಲು ಏಕೆ ಹಿಂಜರಿಯಬೇಕು? ಆ ಮೃದುತ್ವ ಮೊದಲು ಸಲ್ಲಬೇಕಾದುದು ನೋಯಬಲ್ಲ ಜೀವಗಳಿಗೆ. ಇಷ್ಟನ್ನು ನೆನಪಿಸಿದರೆ ಆ ಕಲಾಕೃತಿ ಸಾರ್ಥಕ.